ಕಷಾಯ ಕೆಲಸ ಮಾಡಿತ್ತು: ಶಿರಸಿ ಕಡೆಯ ಒಂದು ಲೋ ಶುಗರ್ ಪ್ರಕರಣ

ರೋಗಿಗೆ 61 ವರ್ಷ. ಶಿರಸಿಯಿಂದ ಸಿದ್ದಾಪುರದ ಕಡೆಗೆ ಹೋಗುವ ದಾರಿಯಲ್ಲಿ ಅವರ ಊರು. ಅಡಿಕೆ ತೋಟ, ನಾಲ್ಕು ದನ, ಕೂಡು ಕುಟುಂಬ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ, ಔಷಧ ಮತ್ತು ಅಂಕಿಗಳು ಇದ್ದ ಹಾಗೇ ಇವೆ. ಇಲ್ಲಿ ಅವರನ್ನು ಯಜಮಾನರು ಅಂತಲೇ ಕರೆಯುತ್ತೇನೆ.

ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮೆಟ್‌ಫಾರ್ಮಿನ್ 1000 ಮಿಗ್ರಾಂ ದಿನಕ್ಕೆ ಎರಡು ಹೊತ್ತು, ಬೆಳಿಗ್ಗೆ ಗ್ಲಿಮೆಪಿರೈಡ್ 1 ಮಿಗ್ರಾಂ. ಕಿಡ್ನಿ ಚೆನ್ನಾಗಿದೆ. ಮಾರ್ಚ್ ಕೊನೆಗೆ ವರ್ಷದ ತಪಾಸಣೆಗೆ ಹೊರಗಿನ ಊರಿಗೆ ಹೋದಾಗ ಬರಿಹೊಟ್ಟೆಯ ಸಕ್ಕರೆ 182, ಎಚ್‌ಬಿಎ1ಸಿ (ಹಿಂದಿನ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ) 8.6 ಬಂದಿತ್ತು. ಅಲ್ಲಿನ ಡಾಕ್ಟರು ಗ್ಲಿಮೆಪಿರೈಡನ್ನು 2 ಮಿಗ್ರಾಂಗೆ ಏರಿಸಿ ಕಳಿಸಿದ್ದರು. ಆ ಅಂಕಿ ನೋಡಿದರೆ ನಾನೂ ಅದನ್ನೇ ಮಾಡುತ್ತಿದ್ದೆ. ಆದರೆ ಯಜಮಾನರಿಗೆ ಗಾಬರಿ. ಗುಳಿಗೆ ಡಬಲ್ ಆಯಿತು, ಇನ್ನು ಮುಂದಿನದು ಇಂಜೆಕ್ಷನ್ನೇ ಅಂತ ಮನಸ್ಸಿಗೆ ಹಾಕಿಕೊಂಡರು. ಅದೇ ವಾರ ಅವರ ಭಾವ ವಾಟ್ಸಾಪಿನಲ್ಲಿ ಒಂದು ಕಷಾಯದ ವಿಧಾನ ಕಳಿಸಿದರು.

ಪಾತ್ರೆಯಲ್ಲಿ ಏನಿತ್ತು

ಆರು ವಸ್ತು. ಮಧುನಾಶಿನಿ ಎಲೆಯ ಪುಡಿ ಒಂದು ಹಿಡಿ. ಏಕನಾಯಕನ ಬೇರಿನ ತೊಗಟೆ ಬೆರಳುದ್ದ. ರಾತ್ರಿ ನೀರಿಗೆ ಹಾಕಿಟ್ಟ ಹೊನ್ನೆ ಚಕ್ಕೆ. ನೇರಳೆ ಬೀಜದ ಪುಡಿ, ಮೆಂತ್ಯ, ಅಮೃತಬಳ್ಳಿ. ನಾಲ್ಕು ಲೋಟ ನೀರು ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಬೇಕು. ಬೆಳಿಗ್ಗೆ ಅರ್ಧ, ಸಂಜೆ ಅರ್ಧ.

ಇದರಲ್ಲಿ ಯಾವುದೂ ಕಂಡುಕೇಳದ ಗಿಡ ಅಲ್ಲ. ಏಕನಾಯಕನ ಕುಡಿಯ ತಂಬುಳಿ ನಮ್ಮ ಕಡೆ ಊಟಕ್ಕೇ ಆಗುತ್ತದೆ. ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವವರು ಎಷ್ಟೋ ಮನೆಯಲ್ಲಿ ಸಿಗುತ್ತಾರೆ. ಆ ನೀರನ್ನು ಬಿಸಿಲಿಗೆ ಹಿಡಿದರೆ ಕಂದು ಬಣ್ಣದ ಮೇಲೆ ನೀಲಿ ಹೊಳಪು ಆಡುತ್ತದೆ. ಚಕ್ಕೆ ಅಸಲಿಯೋ ಅಲ್ಲವೋ ಎಂದು ನೋಡಲು ಇದೊಂದು ಒಳ್ಳೆಯ ಗುರುತು. ಯಜಮಾನರ ಮನೆಯ ಚಕ್ಕೆ ಅಸಲಿಯೇ ಆಗಿತ್ತು. ಏಕನಾಯಕನ ಬೇರನ್ನು ಅವರು ತಮ್ಮ ಬೆಟ್ಟದಲ್ಲೇ ಹುಡುಕಿ ಕಿತ್ತು ತಂದಿದ್ದರು.

ಆಮೇಲೆ ಜೂನ್ ತಿಂಗಳಲ್ಲಿ ಇನ್ನೊಂದು ಸೇರಿತು. ಮಳೆ ಹಿಡಿದ ಮೇಲೆ ಎಲೆ ಒಣಗುವುದಿಲ್ಲ, ಪುಡಿ ಬೂಸ್ಟು ಹಿಡಿಯುತ್ತದೆ. ಇದ್ದ ಪುಡಿ ಮುಗಿದೀತು ಎಂದು ಮಗ ಆನ್‌ಲೈನಿನಲ್ಲಿ ಮಧುನಾಶಿನಿ ಸತ್ವದ ಕ್ಯಾಪ್ಸೂಲ್ ತರಿಸಿಕೊಟ್ಟ. ಪುಡಿ ಮುಗಿಯಲಿಲ್ಲ, ಕ್ಯಾಪ್ಸೂಲೂ ಶುರುವಾಯಿತು. ಡಬ್ಬಿಯ ಮೇಲೆ 250 ಮಿಗ್ರಾಂ, 10:1 ಎಂದು ಬರೆದಿತ್ತು. ಅಂದರೆ ಹತ್ತು ಗ್ರಾಂ ಎಲೆಯಿಂದ ಒಂದು ಗ್ರಾಂ ಸತ್ವ. ದಿನಕ್ಕೆ ಎರಡು ನುಂಗಿದರೆ ಐದು ಗ್ರಾಂ ಎಲೆಯ ಲೆಕ್ಕ. ಕಷಾಯದ ಹಿಡಿ ಇದರ ಮೇಲೆ ಬೇರೆ. ಆ ಹಿಡಿಯನ್ನು ನಾನು ಆಮೇಲೆ ಅವರ ಮನೆಯವರಿಂದಲೇ ತೂಗಿಸಿದೆ. ಯಜಮಾನರ ಹಿಡಿ 11 ಗ್ರಾಂ, ಅವರ ಹೆಂಡತಿಯ ಹಿಡಿ 6. ಕಷಾಯ ಯಾರು ಕಾಸಿದರು ಎನ್ನುವುದರ ಮೇಲೆ ಡೋಸು ಹೆಚ್ಚುಕಡಿಮೆ ದುಪ್ಪಟ್ಟಾಗುತ್ತಿತ್ತು!

ಅದೇ ಡಬ್ಬಿಯ ಇನ್ನೊಂದು ಮುಖದಲ್ಲಿ ಮಧುಮೇಹ ಬುಡಸಮೇತ ಹೋಗುತ್ತದೆ ಎಂಬರ್ಥದ ಮಾತಿತ್ತು. ಸಕ್ಕರೆ ಕಾಯಿಲೆಯನ್ನು ಗುಣ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯೇ ನಿಷೇಧಿಸಿದೆ. ಎಪ್ಪತ್ತು ವರ್ಷ ಹಳೆಯ ಕಾನೂನು. ಡಬ್ಬಿ ಮಾತ್ರ ಮನೆ ಬಾಗಿಲಿಗೇ ಬರುತ್ತದೆ.

ಪಿತ್ತ ಎಂದುಕೊಂಡದ್ದು

ಯಜಮಾನರು ಶಿಸ್ತಿನ ಮನುಷ್ಯ. ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಶುಗರ್ ಬರೆದಿಡುತ್ತಿದ್ದರು. ಏಪ್ರಿಲ್‌ನಲ್ಲಿ ಬರಿಹೊಟ್ಟೆಯದು 170ರ ಆಸುಪಾಸು. ಮೇ ಮಧ್ಯಕ್ಕೆ 140. ಜೂನ್ ಕೊನೆಗೆ 104, 98, 101. ಪ್ರತಿ ಅಂಕಿಯ ಪಕ್ಕ ಒಂದು ಸರಿ ಗುರುತು. ಮನೆಗೆ ಬಂದವರಿಗೆಲ್ಲ ತೋರಿಸಿದ್ದರಂತೆ. ತೋರಿಸದೆ ಇರಲು ಆಗುತ್ತಾ ಹೇಳಿ.

ಅಳತೆ ಎಲ್ಲವೂ ಬೆಳಿಗ್ಗೆಯದೇ. ನಡುಮಧ್ಯಾಹ್ನದ ಒಂದು ಅಂಕಿಯೂ ಆ ಪುಸ್ತಕದಲ್ಲಿ ಇರಲಿಲ್ಲ. ಜೂನ್‌ನಲ್ಲಿ ಊಟದ ಹೊತ್ತಿಗೆ ಸ್ವಲ್ಪ ಮೊದಲು ಮೈ ಬೆವರುವುದು, ಕೈ ನಡುಗುವುದು, ಸುಮ್ನೆ ಸಿಟ್ಟು ಬರುವುದು ಆಗುತ್ತಿತ್ತು. ಮನೆಯವರು ಅದನ್ನು ಪಿತ್ತ ಎಂದರು. ಮುರುಗಲು ಪಾನಕಕ್ಕೆ ಒಂದು ಚೂರು ಬೆಲ್ಲ ಹಾಕಿ ಕೊಟ್ಟರೆ ಸ್ವಲ್ಪ ಹೊತ್ತಿಗೆ ಸರಿಯಾಗುತ್ತಿತ್ತು. ಪಿತ್ತ ಇಳಿಯಿತು ಅಂತ ಎಲ್ಲರಿಗೂ ಸಮಾಧಾನ. ಇಳಿದದ್ದು ಪಿತ್ತ ಅಲ್ಲ, ಏರಿದ್ದು ಸಕ್ಕರೆ.

ಹೊಟ್ಟೆಯಲ್ಲಿ ಗುಡುಗುಡು, ಗಾಳಿ ತುಂಬಿದ ಹಾಗೆ ಆಗುವುದೂ ಇತ್ತು. ಅದನ್ನು ಹಲಸಿನ ಮೇಲೆ ಹಾಕಿದ್ದರು. ಅದಕ್ಕೂ ಬೇರೆ ಕಾರಣ ಇತ್ತು, ಮುಂದೆ ಹೇಳುತ್ತೇನೆ.

ಏಕಾದಶಿಯ ದಿನ

ಆಷಾಢದ ಮೊದಲ ಏಕಾದಶಿ. ಯಜಮಾನರು ಬೆಳಿಗ್ಗೆ ಅರ್ಧ ಲೋಟ ಹಾಲು, ಒಂದು ಬಾಳೆಹಣ್ಣು ತೆಗೆದುಕೊಂಡರು. ಗುಳಿಗೆ ಎರಡೂ ಎಂದಿನಂತೆ ನುಂಗಿದರು. ಕ್ಯಾಪ್ಸೂಲೂ ಹೋಯಿತು. ಮಳೆ ಒಂದು ದಿನ ಹೊಳವು ಕೊಟ್ಟಿತ್ತು. ಅಂಥ ದಿನ ಬಿಟ್ಟರೆ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸಲು ಆಗುವುದಿಲ್ಲ. ಅಡಿಕೆ ಮರ ಹತ್ತುವ ಕೊನೆಗೌಡ ಸಿಗುವುದೇ ಕಷ್ಟ, ಸಿಕ್ಕಿದ ದಿನ ಉಪವಾಸ ಎಂದು ಮನೆಯಲ್ಲಿ ಕೂರಲು ಬರುತ್ತದೆಯೇ? ಸುಣ್ಣ, ಮೈಲುತುತ್ತ ಕಲಸುವುದು, ಪೈಪು ಎಳೆಯುವುದು, ಎಲ್ಲಕ್ಕೂ ತಾವೇ ನಿಂತರು. ಜೊತೆಗೆ ಫ್ಲಾಸ್ಕಿನಲ್ಲಿ ಕಷಾಯ. ಉಪವಾಸಕ್ಕೆ ಕಷಾಯ ಅಡ್ಡಿ ಇಲ್ಲವಲ್ಲ, ಹಸಿವೆಯಾದಾಗೆಲ್ಲ ಎರಡು ಗುಟುಕು.

ಹನ್ನೊಂದರ ಹೊತ್ತಿಗೆ ಕೊನೆಗೌಡನಿಗೆ ಏನೋ ಸರಿಯಿಲ್ಲ ಅನ್ನಿಸಿತು. ಯಜಮಾನರು ಕಾರಣವಿಲ್ಲದೆ ಬೈಯುತ್ತಿದ್ದರು, ಬೈಗುಳವೂ ತೊದಲುತ್ತಿತ್ತು. ಅಂಗಿ ಒದ್ದೆ. ಅವನೇ ಮರ ಇಳಿದು ಕೈ ಹಿಡಿದು ಮನೆಗೆ ಕರೆತಂದ. ಈ ಪ್ರಕರಣದಲ್ಲಿ ಮೊದಲ ಸರಿಯಾದ ರೋಗಪತ್ತೆ ಅವನದೇ.

ಮನೆಯ ಗ್ಲುಕೋಮೀಟರಿನಲ್ಲಿ 47. 70ಕ್ಕಿಂತ ಕೆಳಗೆ ಹೋದರೆ ಲೋ ಶುಗರ್, 54ಕ್ಕಿಂತ ಕೆಳಗೆ ಹೋದರೆ ಗಂಭೀರ. ಸೊಸೆಗೆ ಇದು ಗೊತ್ತಿತ್ತು. ತಕ್ಷಣ ಬೆಲ್ಲದ ನೀರು ಮಾಡಿ ಕೊಟ್ಟಳು. ಯಜಮಾನರು ಒಂದು ಗುಟುಕು ಕುಡಿದು ಲೋಟ ತಳ್ಳಿದರು.

“ಸಿಹಿನೇ ಇಲ್ಲೆ ಇದು.”

ಇನ್ನೊಂದು ಅಚ್ಚು ಬೆಲ್ಲ ಕದಡಿದರು. ಆಗಲೂ ಅದೇ ಮಾತು. ಹೇಗೋ ಪುಸಲಾಯಿಸಿ ಕುಡಿಸಿ ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ 52. ಅಷ್ಟು ಬೆಲ್ಲಕ್ಕೆ ಬರೀ ಐದು! ಆಗ ನನಗೆ ಫೋನ್ ಬಂತು.

“ಡಾಕ್ಟ್ರೇ, ಮಾವಂಗೆ ಬೆಲ್ಲ ಕೊಟ್ರೂ ಏರ್ತಾ ಇಲ್ಲ.”

ನುಂಗುತ್ತಾರಾ ಅಂತ ಮೊದಲು ಕೇಳಿದೆ. ನುಂಗುತ್ತಿದ್ದರು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಸುರಿಯಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ಬೆಳಿಗ್ಗೆಯಿಂದ ಏನೇನು ಕುಡಿದಿದ್ದಾರೆ ಎಂದಾಗ ಕಷಾಯದ ವಿಷಯ ಮೊದಲ ಸಲ ನನ್ನ ಕಿವಿಗೆ ಬಿತ್ತು. ಏಕನಾಯಕ ಎಂದ ಕೂಡಲೆ ಬೆಲ್ಲ ಬಿಡಿ, ಗ್ಲೂಕೋಸ್ ಪುಡಿ ಇದ್ಯಾ ಅಂದೆ. ಇರಲಿಲ್ಲ. ಜೇನುತುಪ್ಪ? ತುಡುವೆ ಜೇನು ಬಾಟಲಿ ತುಂಬ ಇತ್ತು. ದೊಡ್ಡ ಚಮಚದಲ್ಲಿ ಮೂರು ಚಮಚ ಕೊಡಿ ಅಂದೆ. ಅದೂ ಸಪ್ಪೆ ಎನ್ನುತ್ತಲೇ ನುಂಗಿದರಂತೆ. ಹದಿನೈದು ನಿಮಿಷಕ್ಕೆ 76. ಮಾತು ಸ್ಪಷ್ಟವಾಯಿತು. ಬೈಗುಳ ನಿಂತಿತು.

ಕಾರಿನಲ್ಲಿ ಕರೆತಂದಾಗ 91 ಇತ್ತು. ಮನೆಗೆ ಹೋಗುತ್ತೇನೆ ಎಂದರು, ನಾನು ಬಿಡಲಿಲ್ಲ. ಶಿರಸಿಯಲ್ಲೇ ಅಡ್ಮಿಟ್ ಮಾಡಿಸಿದೆ. ಸಂಜೆ ಐದಕ್ಕೆ ಮತ್ತೆ 58. ಡ್ರಿಪ್ ಹಾಕಿ ರಾತ್ರಿಯೆಲ್ಲ ನೋಡಿಕೊಂಡರು. ಮರುದಿನ ಬೆಳಿಗ್ಗೆ 126. ಗ್ಲಿಮೆಪಿರೈಡ್ ಗುಂಪಿನ ಗುಳಿಗೆಯಿಂದ ಬಂದ ಲೋ ಶುಗರ್ ಹೀಗೆ ಮರುಕಳಿಸುತ್ತದೆ. ಒಮ್ಮೆ ಏರಿತಲ್ಲ ಎಂದು ಮನೆಗೆ ಕಳಿಸಿದ್ದರೆ ರಾತ್ರಿ ನಿದ್ದೆಯಲ್ಲಿ ಇಳಿಯುತ್ತಿತ್ತು. ಮಳೆಗಾಲದ ರಾತ್ರಿ ಆ ಹಳ್ಳಿಯಿಂದ ಪೇಟೆಗೆ ಬರುವುದು ಏನು ಪಾಡು ಎಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಬೆಲ್ಲ ಯಾಕೆ ಸಪ್ಪೆ, ಯಾಕೆ ನಿಧಾನ

ಸಪ್ಪೆ ಆದದ್ದು ಮಧುನಾಶಿನಿಯಿಂದ. ಈ ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯ ಸಿಹಿ ಗ್ರಾಹಿಗಳ ಮೇಲೆ ಕೂತುಬಿಡುತ್ತವೆ. ಎಲೆ ಜಗಿದು ಸಕ್ಕರೆ ಬಾಯಿಗೆ ಹಾಕಿದರೆ ಮರಳು ಜಗಿದ ಹಾಗೆ. ಅರ್ಧ ಗಂಟೆ, ಒಂದು ಗಂಟೆ ಈ ಮರಗಟ್ಟುವಿಕೆ ಇರುತ್ತದೆ. ಕ್ಯಾಪ್ಸೂಲಿನಿಂದ ಹೀಗಾಗುವುದಿಲ್ಲ, ಅದು ನಾಲಿಗೆ ಮುಟ್ಟುವುದಿಲ್ಲ. ಫ್ಲಾಸ್ಕಿನ ಗುಟುಕುಗಳಿಂದ ಆದದ್ದು ಇದು. ಬೇರೆ ದಿನ ಆಗಿದ್ದರೆ ತಮಾಷೆ. ಸಕ್ಕರೆ 47 ಇರುವಾಗ, ತಲೆ ಓಡದಿರುವಾಗ, ಕೊಟ್ಟ ಬೆಲ್ಲ ಬೆಲ್ಲವೇ ಅಲ್ಲ ಎಂದು ರೋಗಿ ಲೋಟ ತಳ್ಳಿದರೆ ಕತೆ ಬೇರೆ.

ನಿಧಾನಕ್ಕೆ ಕಾರಣ ಏಕನಾಯಕ ಎಂದು ನನ್ನ ಅಂದಾಜು. ಇದರ ಬೇರಿನಲ್ಲಿ ಸಲಾಸಿನಾಲ್, ಕೊಟಲನಾಲ್ ಎಂಬ ಅಂಶಗಳಿವೆ. ಸಕ್ಕರೆ, ಪಿಷ್ಟಗಳನ್ನು ಒಡೆಯುವ ಕರುಳಿನ ಕಿಣ್ವಗಳನ್ನು ಇವು ತಡೆಯುತ್ತವೆ. ಅಕಾರ್ಬೋಸ್ ಎಂಬ ಗುಳಿಗೆ ಮಾಡುವುದೂ ಇದೇ ಕೆಲಸ. ಒಡೆಯದ ಪಿಷ್ಟ ದೊಡ್ಡ ಕರುಳಿಗೆ ಇಳಿದು ಅಲ್ಲಿ ಹುಳಿಯುತ್ತದೆ, ಅದಕ್ಕೇ ಆ ಗುಡುಗುಡು. ಹಲಸು ಪಾಪ ಸುಮ್ನೆ ಬೈಸಿಕೊಂಡಿತು. ಬೆಲ್ಲ, ಸಕ್ಕರೆ ಎರಡೂ ಬಹುಪಾಲು ಸುಕ್ರೋಸ್. ಅದು ಒಡೆದು ಗ್ಲೂಕೋಸ್ ಆಗದೆ ರಕ್ತಕ್ಕೆ ಸೇರುವುದಿಲ್ಲ. ಒಡೆಯುವ ಕೈಯನ್ನೇ ಕಟ್ಟಿಹಾಕಿದ ಮೇಲೆ ಎಷ್ಟು ಬೆಲ್ಲ ಕೊಟ್ಟರೂ ಏರುವುದು ನಿಧಾನವೇ. ಅಕಾರ್ಬೋಸ್ ತೆಗೆದುಕೊಳ್ಳುವವರಿಗೆ ಲೋ ಶುಗರ್ ಆದಾಗ ಸಕ್ಕರೆ ಬೇಡ, ಗ್ಲೂಕೋಸೇ ಕೊಡಿ ಎಂದು ಹೇಳುವುದು ಇದಕ್ಕೇ. ಏಕನಾಯಕ ಕುಡಿಯುವವರಿಗೆ ಅದನ್ನು ಯಾರೂ ಹೇಳುವುದಿಲ್ಲ. ಜೇನಿನಲ್ಲಿ ಗ್ಲೂಕೋಸ್ ಬಿಡಿಯಾಗಿಯೇ ಇರುತ್ತದೆ, ಒಡೆಯುವ ಕೆಲಸ ಇಲ್ಲ. ಹಾಲಿನ ಸಕ್ಕರೆಗೆ ಬೇರೆ ಕಿಣ್ವ, ಆದ್ದರಿಂದ ಹಾಲೂ ನಡೆಯುತ್ತದೆ, ಆದರೆ ತಡ.

ಇನ್ನು 47ಕ್ಕೆ ಇಳಿಸಿದ್ದು ಯಾವುದು? ಮುಖ್ಯ ಆರೋಪಿ ಗ್ಲಿಮೆಪಿರೈಡ್. ಅದು ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಹೊರಡಿಸುತ್ತದೆ. ನೀವು ಉಂಡಿದ್ದೀರೋ ಉಪವಾಸವೋ, ಅದಕ್ಕೆ ಲೆಕ್ಕವಿಲ್ಲ. 8.6 ಇದ್ದವರಿಗೆ 2 ಮಿಗ್ರಾಂ ಸರಿ. ಕಷಾಯ ಕುಡಿದು ಬರಿಹೊಟ್ಟೆಯಲ್ಲಿ 100ಕ್ಕೆ ಬಂದವರಿಗೆ, ಅದರಲ್ಲೂ ಏಕಾದಶಿಯ ದಿನ ತೋಟದಲ್ಲಿ ಪೈಪು ಎಳೆಯುವವರಿಗೆ ಅದು ಜಾಸ್ತಿ. ಆಸ್ಪತ್ರೆಯಲ್ಲಿ ನೋಡಿದಾಗ ಎಚ್‌ಬಿಎ1ಸಿ 7.0ಕ್ಕೆ ಇಳಿದಿತ್ತು. ಗುಳಿಗೆ ಏರಿಸಿದ್ದರಿಂದ ಒಂದಿಷ್ಟು, ಕಷಾಯದಿಂದ ಒಂದಿಷ್ಟು. ಕಷಾಯ ಕೆಲಸ ಮಾಡಿತ್ತು. ಮಾಡದೆ ಇದ್ದಿದ್ದರೆ ಅವರು ಆಸ್ಪತ್ರೆಗೆ ಬರುತ್ತಲೇ ಇರಲಿಲ್ಲವೇನೋ.

ಗಿಡಮೂಲಿಕೆಗೆ ಸೈಡ್ ಎಫೆಕ್ಟ್ ಇಲ್ಲ ಎನ್ನುವ ಮಾತು ನನಗೆ ಒಪ್ಪಿಗೆಯಾಗದೆ ಇರುವುದು ಇದಕ್ಕೇ. ಸಕ್ಕರೆ ಇಳಿಸುವ ಶಕ್ತಿ ಇದೆ ಅಂದಮೇಲೆ ಜಾಸ್ತಿ ಇಳಿಸುವ ಶಕ್ತಿಯೂ ಇರಲೇಬೇಕು. ಎರಡರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಲು ಬರುವುದಿಲ್ಲ.

ಬೆರೆಸಿದರೆ ಲಾಭವೇ?

ಬೆರೆಸುವುದರ ಹಿಂದಿನ ತರ್ಕ ದಡ್ಡತನದ್ದಲ್ಲ. ಮೆಂತ್ಯದ ನಾರು ಹೊಟ್ಟೆಯಲ್ಲಿ ಲೋಳೆಯಾಗಿ ಸಕ್ಕರೆ ಹೀರುವುದನ್ನು ತಡಮಾಡುತ್ತದೆ. ಏಕನಾಯಕ ಒಡೆಯುವುದನ್ನೇ ತಡೆಯುತ್ತದೆ. ಮಧುನಾಶಿನಿ ಇನ್ಸುಲಿನ್ ಹೆಚ್ಚಿಸುತ್ತದೆ ಎಂಬ ಸೂಚನೆಗಳಿವೆ. ಬೇರೆ ಬೇರೆ ಬಾಗಿಲಿನಿಂದ ಒಂದೇ ಮನೆಗೆ ಹೋಗುವುದು. ಡಾಕ್ಟರುಗಳು ಎರಡು ಮೂರು ಗುಳಿಗೆ ಸೇರಿಸಿ ಕೊಡುವುದೂ ಇದೇ ಕಾರಣಕ್ಕೆ. ಆಯುರ್ವೇದದಲ್ಲಿ ಅರಿಶಿನ ಮತ್ತು ನೆಲ್ಲಿಕಾಯಿ ಸೇರಿದ ನಿಶಾಮಲಕಿ ಹಳೆಯ ಯೋಗ. ಅಷ್ಟೇಕೆ, ಮೆಟ್‌ಫಾರ್ಮಿನ್‌ನ ಬೇರು ಕೂಡ ಗಿಡದಲ್ಲೇ ಇದೆ. ಯುರೋಪಿನ ಗಲೀಗ ಎಂಬ ಗಿಡದಲ್ಲಿ ಸಿಕ್ಕ ಗಲೀಜಿನ್ ಸಕ್ಕರೆ ಇಳಿಸುತ್ತಿತ್ತು, ಆದರೆ ವಿಷ ಜಾಸ್ತಿ. ಅದರ ಜಾಡು ಹಿಡಿದು ಬಂದ ಸುರಕ್ಷಿತ ಸಂಬಂಧಿಯೇ ಮೆಟ್‌ಫಾರ್ಮಿನ್. ಫ್ರಾನ್ಸಿನ ಜಾನ್ ಸ್ಟೆರ್ನ್ 1957ರಲ್ಲಿ ಅದನ್ನು ರೋಗಿಗಳಿಗೆ ಕೊಟ್ಟ ಫಲಿತಾಂಶ ಪ್ರಕಟಿಸಿದರು.

ಪುರಾವೆ ಮಾತ್ರ ಒಂದೊಂದಕ್ಕೆ ಒಂದೊಂದು ರೀತಿ ಇದೆ. ಹೊನ್ನೆಯದು ಇದ್ದುದರಲ್ಲಿ ಗಟ್ಟಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೊಸದಾಗಿ ಕಾಯಿಲೆ ಪತ್ತೆಯಾದ 97 ಜನರಿಗೆ ಹೊನ್ನೆಯ ಸಾರ ಕೊಟ್ಟು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 67 ಜನರ ಸಕ್ಕರೆ ಹನ್ನೆರಡು ವಾರದೊಳಗೆ ಹತೋಟಿಗೆ ಬಂದಿತ್ತು. ಆದರೆ ಅದರಲ್ಲಿ ಹೋಲಿಸಿ ನೋಡಲು ಔಷಧವಿಲ್ಲದ ಗುಂಪು ಇರಲಿಲ್ಲ. ಹಾಗಲಕಾಯಿಯ ಬಗ್ಗೆ ಆಗಿರುವ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆ ಸಾಕಷ್ಟು ಆಧಾರ ಇಲ್ಲ ಎಂದಿತು. ಮಿಶ್ರಣಗಳ ಮೇಲಿನ ಸಂಶೋಧನೆಯಲ್ಲಿ ಬಹಳಷ್ಟು ಇಲಿಗಳದ್ದು. ಸ್ಟ್ರೆಪ್ಟೊಜೊಟೊಸಿನ್ ಚುಚ್ಚಿ ಇನ್ಸುಲಿನ್ ಕೋಶಗಳನ್ನು ಹಾಳುಮಾಡಿ, ಆಮೇಲೆ ಸಾರ ಕುಡಿಸಿ ನೋಡುವುದು. ಆ ಇಲಿ ಗ್ಲಿಮೆಪಿರೈಡ್ ನುಂಗಿರುವುದಿಲ್ಲ, ಏಕಾದಶಿ ಮಾಡುವುದಿಲ್ಲ. ನಮ್ಮ ರೋಗಿ ಎರಡನ್ನೂ ಮಾಡುತ್ತಾನೆ.

ಅಮೃತಬಳ್ಳಿಯ ಬಗ್ಗೆ ಒಂದು ಮಾತು. ಮುಂಬೈಯ ವೈದ್ಯರು 2021ರಲ್ಲಿ ಅದನ್ನು ಸೇವಿಸಿದ ಆರು ಜನರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದುದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಹೋಲುವ ಬೇರೆ ಬಳ್ಳಿ ಇರಬಹುದು ಎಂದಿತು. ಯಕೃತ್ತಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಸ್‌ಜಿಪಿಟಿ ಯಜಮಾನರಿಗೆ 71 ಇತ್ತು, ಕಷಾಯ ನಿಲ್ಲಿಸಿ ಆರು ವಾರದ ಮೇಲೆ 38. ಅಷ್ಟಕ್ಕೇ ಬಳ್ಳಿಯನ್ನು ದೂರುವುದಿಲ್ಲ. ಆದರೆ ಮತ್ತೆ ಪಾತ್ರೆಗೆ ಹಾಕಲು ನಾನು ಒಪ್ಪಲಿಲ್ಲ.

ಮುಂದೆ ಮಾಡಿದ್ದು

ಕಷಾಯ ಪೂರ್ತಿ ಬಿಡಿ ಎಂದು ಹೇಳುವುದು ಸುಲಭ. ಹೇಳಿದ್ದರೆ ಅವರು ಹೂಂ ಎಂದು, ಮನೆಗೆ ಹೋಗಿ ಕುಡಿದು, ನನಗೆ ಹೇಳುವುದನ್ನು ಮಾತ್ರ ಬಿಡುತ್ತಿದ್ದರು. ಬೇರೆ ಔಷಧ ಏನಾದರೂ ಇದೆಯಾ ಎಂದು ಕೇಳಿದರೂ ಇಲ್ಲ ಎನ್ನುತ್ತಿದ್ದರು. ಅದು ಸುಳ್ಳೂ ಆಗುತ್ತಿರಲಿಲ್ಲ. ಬಂದವರಿಗೆ ಆಸ್ರಿಗೆ, ಅಂದರೆ ಬಾಯಾರಿಕೆಗೆ, ಕಷಾಯ ಕೊಡುವ ಊರಿನಲ್ಲಿ ಅದನ್ನು ಯಾರು ಔಷಧದ ಲೆಕ್ಕಕ್ಕೆ ಹಾಕುತ್ತಾರೆ?

ಹಾಗಾಗಿ ಪೇಟೆಯಲ್ಲಿ ನನಗೆ ಪರಿಚಯದ ಆಯುರ್ವೇದ ವೈದ್ಯರೊಬ್ಬರನ್ನೂ ಕೂರಿಸಿಕೊಂಡು ಮಾತಾಡಿದೆವು. ಅವರು ನನಗಿಂತ ಖಾರವಾಗಿಯೇ ಹೇಳಿದರು. ಈ ಆರೂ ಒಳ್ಳೆಯ ದ್ರವ್ಯಗಳೇ, ಆದರೆ ಇದು ಯಾವ ಗ್ರಂಥದ ಯೋಗವೂ ಅಲ್ಲ, ಕೈಗೆ ಸಿಕ್ಕಿದ್ದೆಲ್ಲ ಒಂದೇ ಪಾತ್ರೆಗೆ ಹಾಕಿದ್ದು ಎಂದರು. ಯಜಮಾನರಿಗೆ ನನ್ನ ಮಾತಿಗಿಂತ ಅದು ಹೆಚ್ಚು ತಟ್ಟಿತು.

ಗ್ಲಿಮೆಪಿರೈಡ್ ನಿಲ್ಲಿಸಿದೆ. ಮೆಟ್‌ಫಾರ್ಮಿನ್ ಉಳಿಸಿದೆ, ಅದೊಂದೇ ಇದ್ದರೆ ಸಕ್ಕರೆ ಅಪಾಯಕ್ಕೆ ಇಳಿಯುವುದು ಅಪರೂಪ. ಕ್ಯಾಪ್ಸೂಲ್ ಡಬ್ಬಿ ಹೊರಗೆ. ಎರಡು ವಾರ ಕಷಾಯವೂ ಇಲ್ಲ. ಆಗ ಬರಿಹೊಟ್ಟೆಯ ಅಂಕಿ 150, 160ಕ್ಕೆ ಏರಿತು. ಅವರಿಗೆ ಬೇಜಾರು, ನನಗೆ ಅಳತೆಯ ತಳ ಸಿಕ್ಕಿತು. ಆಮೇಲೆ ಅವರೇ ಆರಿಸಿದ ಒಂದೇ ಗಿಡ, ಮಧುನಾಶಿನಿ ಪುಡಿ, ದಿನಕ್ಕೆ ಮೂರು ಗ್ರಾಂ. ಹಿಡಿಯಲ್ಲಿ ಅಲ್ಲ, ತೂಕ ಮಾಡಿ ಗುರುತು ಹಾಕಿದ ಚಮಚದಲ್ಲಿ. ಊಟದ ಮೊದಲು ಮಾತ್ರ, ಉಪವಾಸದ ದಿನ ಇಲ್ಲ. ವಾರಕ್ಕೆ ಎರಡು ದಿನ ಮಧ್ಯಾಹ್ನ ಊಟಕ್ಕೆ ಮೊದಲೂ ಶುಗರ್ ನೋಡಬೇಕು. ಮನೆಯಲ್ಲಿ ಗ್ಲೂಕೋಸ್ ಪುಡಿಯ ಡಬ್ಬಿ ಇರಬೇಕು.

ಏಕನಾಯಕ ನಿಂತದ್ದಕ್ಕೆ ನನಗೆ ಇನ್ನೊಂದು ಸಮಾಧಾನವೂ ಇದೆ. ಬೇರು ಕಿತ್ತರೆ ಗಿಡ ಹೋಯಿತು. ವಾಟ್ಸಾಪಿನಲ್ಲಿ ಒಂದು ವಿಧಾನ ಹರಿದಾಡಿದರೆ ಬೆಟ್ಟದಲ್ಲಿ ಎಷ್ಟು ಉಳಿದೀತು? ಕುಡಿ ಚಿವುಟಿ ತಂಬುಳಿ ಮಾಡುವುದು ಬೇರೆ ಮಾತು.

ಬೆಳಿಗ್ಗೆಯ ತೆಳ್ಳೇವು (ತೆಳು ದೋಸೆ) ಆರರಿಂದ ಮೂರಕ್ಕೆ ಇಳಿಯಿತು, ಜೊತೆಗೆ ಮೊಳಕೆ ಮೆಂತ್ಯದ ಪಲ್ಯ ಬಂತು. ಇದು ಸೊಸೆಯ ತೀರ್ಮಾನ, ನನ್ನದಲ್ಲ. ಮೂರೂವರೆ ತಿಂಗಳ ಮೇಲೆ ಎಚ್‌ಬಿಎ1ಸಿ 7.4. ಇದರಲ್ಲಿ ಎಲೆಯ ಪಾಲೆಷ್ಟು, ಕಡಿಮೆಯಾದ ತೆಳ್ಳೇವಿನ ಪಾಲೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ತೆಳ್ಳೇವಿನದೇ ದೊಡ್ಡದು ಎಂದು ನನ್ನ ಗುಮಾನಿ, ಯಜಮಾನರು ಅದನ್ನು ಒಪ್ಪುವುದಿಲ್ಲ. 7.0ಗಿಂತ 7.4 ಜಾಸ್ತಿಯಲ್ಲವೇ ಎಂದು ಕೇಳಿದರು. ಹೌದು. ಆದರೆ ಆ 7.0ರ ಸರಾಸರಿಯೊಳಗೆ ಒಂದು 47, ಒಂದು 58, ಲೆಕ್ಕಕ್ಕೆ ಬಾರದ ಎಷ್ಟೋ ಪಿತ್ತಗಳು ಇದ್ದವು. ಈ ಮೂರು ತಿಂಗಳ ಪುಸ್ತಕದಲ್ಲಿ 90ಕ್ಕಿಂತ ಕೆಳಗಿನ ಅಂಕಿ ಒಂದೂ ಇಲ್ಲ. ಏಕಾದಶಿಗಳೂ ನಡೆಯುತ್ತಿವೆ.

ವಿಧಾನ ಕಳಿಸಿದ ಭಾವ ಒಂದು ದಿನ ಜೊತೆಗೇ ಬಂದಿದ್ದರು. ಅವರಿಗೂ ಸಕ್ಕರೆ ಕಾಯಿಲೆ, ಅವರದು ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ಅವರ ಕಷಾಯದಲ್ಲಿ ಆರಲ್ಲ, ಏಳು ವಸ್ತು. ಏಳನೆಯದು ದಾಲ್ಚಿನ್ನಿಯಂತೆ. ಮಧ್ಯಾಹ್ನ ಯಾವತ್ತಾದರೂ ಬೆವರುತ್ತದೆಯಾ ಎಂದು ಕೇಳಿದೆ. ಪಿತ್ತ ಪ್ರಕೃತಿ ನಮ್ಮ ಮನೆತನದಲ್ಲೇ ಇದೆ ಎಂದರು. ಮುಂದಿನ ಸಲ ಫ್ಲಾಸ್ಕು, ಇನ್ಸುಲಿನ್ ಎರಡನ್ನೂ ಹಿಡಿದುಕೊಂಡು ಬನ್ನಿ ಎಂದು ಹೇಳಿ ಕಳಿಸಿದ್ದೇನೆ.